ಹಿಂದೆ ಬರ್ತಿದ್ದಾನೆ

ಫೆಬ್ರವರಿ 7, ಶುಕ್ರವಾರ

ಸ್ಕಾಟ್‌ಲೆಂಡಿನ ಪಿಟ್‌ಲಾಕ್ರಿಗೆ ಬಂದು ತಲುಪಿದೆವು. ಇವರು ಕೆಳಗೆ ಋಷಿಯ ಜೊತೆ ನಾಳೆಯ ಹವಾಮಾನ ನೋಡುತ್ತ ಕೂತಿದ್ದಾರೆ. ನಾನು ಕಾಲಬುಡದಲ್ಲಿ ಬಿಸಿನೀರಿನ ಚೀಲ ಇಟ್ಟುಕೊಂಡು ಬರೆಯುತ್ತಿದ್ದೇನೆ.

ಮಧ್ಯಾಹ್ನ ಋಷಿ, ಯಾಮಿನಿ ಗಂಡಹೆಂಡಿರು ಶೆಫೀಲ್ಡಿನಿಂದ ಬಂದು ಲೀಡ್ಸಿನ ಹೆಡಿಂಗ್ಲೀಯಲ್ಲಿ ನಮ್ಮನ್ನು ಹತ್ತಿಸಿಕೊಂಡರು. ನಮ್ಮ ಬೀದಿಯಲ್ಲಿ ಕಾರು ನಿಲ್ಲಿಸಲು ಜಾಗ ಎಲ್ಲಿರುತ್ತದೆ? ಋಷಿ ನಡುರಸ್ತೆಯಲ್ಲೇ ನಿಲ್ಲಿಸಿದ. ಹಿಂದೆ ಕಸದ ಲಾರಿ ಬಂದು ನಿಂತಿತು. ಇವರು ಎರಡೂ ಹೆಗಲಿಗೆ ಸ್ಕೀ ಹಲಗೆ ಹೊತ್ತು ಓಡಾಡುವುದನ್ನು ನೋಡಿ ಲಾರಿಯವನೇ ಇಳಿದು ಬಂದು ಡಿಕ್ಕಿಗೆ ತುಂಬಿಸಲು ಕೈ ಹಾಕಿದ. ದಾರಿಯಲ್ಲಿ ಒಂದು ಕಡೆ ನಿಲ್ಲಿಸಿ ಕಾರಿನಲ್ಲೇ ಕೂತು ನಾನು ತಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ತಿಂದೆವು. ಸೀಟಿನ ತುಂಬ ರೊಟ್ಟಿಯ ಚೂರು. ಮಗಳು ಕೃತಿಯನ್ನು ಶೆಫೀಲ್ಡಿನ ಬ್ರೂಮ್‌ಹಿಲ್‌ನಲ್ಲೇ ಗೆಳತಿಯ ಮನೆಯಲ್ಲಿ ಬಿಟ್ಟು ಬಂದದ್ದಕ್ಕೆ ಯಾಮಿನಿಗೆ ಅರ್ಧ ಮನಸ್ಸು. ಯಾಮಿನಿಗೆ ಕೆಮ್ಮು ಬೇರೆ.

ಇವರು ಮತ್ತು ಋಷಿ ಕ್ಯಾಸಲ್‌ಫರ್ಡಿನಲ್ಲಿ, ಚಾವಣಿಯ ಕೆಳಗೆ ಮಾಡಿಟ್ಟ ಹಿಮದ ಮೇಲೆ, ಒಟ್ಟಿಗೆ ಬಿದ್ದು ಬಿದ್ದು ಸ್ಕೀ ಜಾರುವುದು ಕಲಿತವರು. ಅಲ್ಲಿಂದೀಚೆಗೆ ಪ್ರತಿ ಚಳಿಗಾಲ ಒಂದು ವಾರಾಂತ್ಯ ಸ್ಕಾಟ್‌ಲೆಂಡು. ಋಷಿ ಮಕ್ಕಳ ಡಾಕ್ಟರು. ಹಿಮದಲ್ಲೂ ಹಾಗೇ, ಎಲ್ಲರ ಗ್ಲೌಸು ಎಳೆದು ನೋಡುತ್ತಾನೆ, ಎಲ್ಲರೂ ಬಂದರಾ ಎಂದು ತಿರುಗಿ ನೋಡುತ್ತಾನೆ. ಇವರಿಗೆ ವೇಗ ಬೇಕು. ಕೆಲಸ ರೈಲ್ವೆ ಸಿಗ್ನಲ್‌ಗಳ ವಿನ್ಯಾಸ. ವಾರವೆಲ್ಲ ಜನರಿಗೆ ಕೆಂಪು ದೀಪ ಹಾಕಿ ಹಾಕಿ ಸಾಕಾಗಿದೆ ಅಂದರು ಕಾರಿನಲ್ಲಿ. ಎಲ್ಲರೂ ನಕ್ಕೆವು.

ಫೆಬ್ರವರಿ 8, ಶನಿವಾರ

ಗ್ಲೆನ್‌ಶೀ. ಹಿಮ ಕಡಿಮೆ, ನಡುನಡುವೆ ಕಂದು ಹುಲ್ಲು ಕಾಣುತ್ತಿತ್ತು. ನಾನು ಮಕ್ಕಳ ಇಳಿಜಾರಿನಲ್ಲೇ ನಾಲ್ಕು ಸುತ್ತು ಹಾಕಿ ತೃಪ್ತಳಾದೆ. ಇವರು ಬೆಟ್ಟ ಹತ್ತಿಸುವ ತಂತಿಯ ಲಿಫ್ಟಿನ ಕೆಳಗೇ, ಎಲ್ಲರ ಎದುರಿಗೆ ಜೋರಾಗಿ ಬಿದ್ದರು. ಪೆಟ್ಟೇನೂ ಆಗಲಿಲ್ಲ.

"ಶ್ರೀ, ನಿಂಗೆ ಬ್ರೇಕೇ ಇಲ್ಲ ಕಣೋ," ಅಂದ ಋಷಿ ಊಟಕ್ಕೆ ಕೂತಾಗ.

"ನಾಳೆ ನೋಡು," ಅಂದರು ಇವರು. ಆಮೇಲೆ ಹೆಚ್ಚು ಮಾತಾಡಲಿಲ್ಲ. ಮೈಕೈ ನೋವಿರಬೇಕು. ಮುಲಾಮು ತಿಕ್ಕಿದೆ.

ಫೆಬ್ರವರಿ 9, ಭಾನುವಾರ

ಋಷಿ ಇನ್ನೂ ಬಂದಿಲ್ಲ.

ಏವಿಮೋರ್ ಹತ್ತಿರದ ಹೋಟೆಲಿನಲ್ಲಿ ನಮಗೆ ಕೋಣೆ ಕೊಟ್ಟಿದ್ದಾರೆ. ಯಾಮಿನಿ ಪಕ್ಕದ ಕೋಣೆಯಲ್ಲಿ ಒಬ್ಬ ಪೊಲೀಸ್ ಹೆಂಗಸಿನ ಜೊತೆ ಇದ್ದಾಳೆ. ಇವರು ಶವರಿನ ಕೆಳಗೆ ನಿಂತಿದ್ದಾರೆ, ನೀರಿನ ಸದ್ದು ನಿಲ್ಲುತ್ತಲೇ ಇಲ್ಲ. ಏನಾದರೂ ಮಾಡುತ್ತಿರಬೇಕಲ್ಲ ಎಂದು ಬರೆಯುತ್ತಿದ್ದೇನೆ.

ಇವತ್ತು ಏವಿಮೋರಿನ ಬೆಟ್ಟಕ್ಕೆ ಬಂದಿದ್ದೆವು. ಬೆಳಿಗ್ಗೆಯಿಂದ ಗಾಳಿ. ಮೇಲಿನ ಲಿಫ್ಟು ಯಾವಾಗ ಬೇಕಾದರೂ ನಿಲ್ಲಬಹುದು ಎಂದು ಫಲಕ ಹಾಕಿದ್ದರು. ಯಾಮಿನಿಗೆ ಕೆಮ್ಮು ಹೆಚ್ಚಾಗಿತ್ತು. ನಾವಿಬ್ಬರೂ ಕೆಳಗೆ ಕೆಫೆಯಲ್ಲಿ ಕೂತೆವು. ಇವರು ಮತ್ತು ಋಷಿ ಊಟವಾದ ಮೇಲೆ ಇನ್ನೊಂದೇ ಸಲ ಎಂದು ಹೋದರು. ನೋಡನೋಡುತ್ತ ಬೆಟ್ಟ ಕಾಣದಾಯಿತು. ಮೋಡವೂ ಹಿಮವೂ ಒಂದೇ ಆಗಿ ಕಿಟಕಿಗೆ ಬಿಳಿ ಬಣ್ಣ ಬಳಿದ ಹಾಗಿತ್ತು.

ಇವರು ಒಬ್ಬರೇ ಒಳಗೆ ಬಂದರು. ಹುಬ್ಬಿನಲ್ಲೆಲ್ಲ ಹಿಮ.

"ಋಷಿ ಎಲ್ಲಿ?" ಅಂದಳು ಯಾಮಿನಿ.

"ಹಿಂದೆ ಬರ್ತಿದ್ದಾನೆ."

ನನಗೆ ಜೀವ ಬಂದಂತಾಯಿತು. ಓಡಿ ಹೋಗಿ ಟೀ ತಂದುಕೊಟ್ಟೆ. ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು ಕುಡಿದರು. ಯಾಮಿನಿ ಕಿಟಕಿಯ ಹತ್ತಿರ ಹೋಗಿ ನಿಂತಳು, ಬಂದಳು, ಮತ್ತೆ ಕೇಳಿದಳು. "ಬರ್ತಾನೆ ಯಾಮಿನಿ, ಕೂತ್ಕೋ," ಅಂದರು. ಕೆಫೆಯ ಹುಡುಗಿಯರು ಮೇಜಿನ ಮೇಲೆ ಕುರ್ಚಿಗಳನ್ನು ತಲೆಕೆಳಗಾಗಿ ಇಡಲು ಶುರುಮಾಡಿದರು. ಆಗ ಯಾಮಿನಿಯೇ ಹೋಗಿ ಕೆಂಪು ಜಾಕೆಟಿನ ಕಾವಲಿನವನನ್ನು ಕರೆದುಕೊಂಡು ಬಂದಳು. ಅವನು ಕೇಳಿದ ಮೇಲೆ ಇವರು ಹೇಳಿದರು: ಲಿಫ್ಟು ಇಳಿದು ಇಬ್ಬರೂ ಸ್ಕೀ ಜಾಗದ ಗಡಿಗೆ ಹಾಕಿದ ಬೇಲಿ ದಾಟಿ ದಿಬ್ಬದ ಮೇಲೆ ಹೋಗಿದ್ದರಂತೆ. ಋಷಿ, ನಾನು ಆಚೆ ಕಣಿವೆಯಲ್ಲಿ ಇಳಿಯುತ್ತೇನೆ, ನೀನು ಹೋಗು ಅಂದನಂತೆ. ಬೇಡ ಅಂದರೂ ಕೇಳಲಿಲ್ಲವಂತೆ.

ಹೆಲಿಕಾಪ್ಟರು ಈ ಗಾಳಿಗೆ ಏಳಲಿಲ್ಲ. ಹುಡುಕುವವರು ತಲೆಗೆ ದೀಪ ಕಟ್ಟಿಕೊಂಡು ನಡೆದೇ ಹೋಗಿದ್ದಾರೆ. ಊರಿನವರು, ಬೆಳಿಗ್ಗೆ ತಮ್ಮ ತಮ್ಮ ಕೆಲಸಕ್ಕೆ ಹೋಗಬೇಕಾದವರು. ಪೊಲೀಸರಿಗೆ ಹೇಳಿಕೆ ಕೊಡುವಾಗ ಇವರು ಒಂದೇ ಮಾತನ್ನು ಎರಡೆರಡು ಸಲ ಹೇಳುತ್ತಿದ್ದರು. ಪಾಪ, ಎಷ್ಟು ಹೆದರಿದ್ದಾರೆ. ಶಿವನೇ, ಆ ಹುಡುಗನನ್ನು ಕಾಪಾಡು.

ಫೆಬ್ರವರಿ 10, ಸೋಮವಾರ

ಸಿಕ್ಕ. ಇಲ್ಲ.

ಆಚೆಯ ಕಣಿವೆಯಲ್ಲಲ್ಲ, ದಿಬ್ಬದ ಈಚೆ ಬದಿಗೆ. ಕಾಲು ಮುರಿದಿತ್ತಂತೆ. ಬೇಲಿಯ ಕಡೆಗೆ ತೆವಳಿದ್ದನಂತೆ.

ಯಾಮಿನಿ ಅಳಲಿಲ್ಲ. ಆ ಪೊಲೀಸ್ ಹೆಂಗಸಿಗೆ, ಚಳಿಯಲ್ಲಿ ಸಾಯುವಾಗ ಕೊನೆಗೆ ನೋವಿರುವುದಿಲ್ಲ ಎಂದು ತಾನೇ ವಿವರಿಸಿ ಹೇಳಿದಳು. ಡಾಕ್ಟರು ರೋಗಿಯ ಮನೆಯವರಿಗೆ ಹೇಳುವ ದನಿಯಲ್ಲಿ.

ಫೆಬ್ರವರಿ 15, ಶನಿವಾರ

ಲೀಡ್ಸ್. ಶೆಫೀಲ್ಡಿನ ಲಕ್ಷ್ಮೀನಾರಾಯಣ ಅಂಕಲ್ ರೈಲಿನಲ್ಲಿ ಸ್ಕಾಟ್‌ಲೆಂಡಿಗೆ ಬಂದು ಋಷಿಯ ಕಾರಿನಲ್ಲೇ ನಮ್ಮನ್ನು ವಾಪಸ್ ಕರೆತಂದರು. ನಿವೃತ್ತ ಡಾಕ್ಟರು, ಇಲ್ಲಿನ ಕನ್ನಡದವರ ಸಾವು ನೋವಿಗೆಲ್ಲ ಅವರೇ ಹಿರಿಯರು. ಋಷಿಯ ದೇಹ ಇನ್ನೂ ಅಲ್ಲೇ ಇದೆ. ಅಲ್ಲಿನ ಕಾನೂನಿನ ಪ್ರಕಾರ ಸರ್ಕಾರಿ ವಕೀಲರ ಕಚೇರಿ ಒಪ್ಪಬೇಕು.

ಇವತ್ತು ಅಂಕಲ್ ಬಂದು ನನ್ನನ್ನು ಯಾಮಿನಿಯ ಮನೆಗೆ, ಬ್ರೂಮ್‌ಹಿಲ್‌ಗೆ ಕರೆದುಕೊಂಡು ಹೋದರು. ಅನ್ನ, ಸಾರು, ಪಲ್ಯ ಮಾಡಿಟ್ಟು ಬಂದೆ. ಇವರು ಬರಲಿಲ್ಲ, ಜ್ವರ ಬಂದ ಹಾಗಿದೆ ಅಂದರು. ಹಣೆ ಮುಟ್ಟಿದೆ, ತಣ್ಣಗಿತ್ತು.

ಕೃತಿ ಅಡುಗೆಮನೆಗೆ ಬಂದು ಯಾಮಿನಿಯನ್ನು ಕೇಳಿತು: "ಮಮ್, ಡಿಡ್ ಡ್ಯಾಡ್ ಗೋ ದೇರ್ ಆನ್ ಪರ್ಪಸ್?"

"ಹೌದು," ಅಂದಳು ಯಾಮಿನಿ. "ಶ್ರೀಕಾಂತ್ ಅಂಕಲ್ ಬೇಡ ಅಂದ್ರೂ ಕೇಳ್ಲಿಲ್ಲ. ಅವನಿಗೆ ಬೇಕಾಗಿತ್ತು, ಹೋದ."

ಮಗು ಫ್ರಿಜ್ಜಿನಿಂದ ಹಾಲು ತೆಗೆದುಕೊಂಡು ಮೇಲೆ ಹೋಯಿತು. ನನಗೆ ಹಾಗೆ ಹೇಳಬಾರದಿತ್ತು ಅನ್ನಿಸಿತು. ಆದರೆ ಗಂಡನನ್ನು ಕಳಕೊಂಡವಳಿಗೆ ನಾನೇನು ಹೇಳಲಿ.

ಫೆಬ್ರವರಿ 26, ಬುಧವಾರ

ಶಿವರಾತ್ರಿ. ಇವರು ಪೂಜೆಗೆ ಕೂರಲಿಲ್ಲ. ಮದುವೆಯಾದಾಗಿನಿಂದ ಒಂದು ವರ್ಷವೂ ತಪ್ಪಿಸಿದವರಲ್ಲ. ವಿಭೂತಿ ತಂದು ಮುಂದೆ ಹಿಡಿದರೆ, "ಬ್ಯಾಡ, ನೀ ಮಾಡ್ಕೋ," ಅಂದರು. ದುಃಖಕ್ಕೆ ಹೀಗೂ ಒಂದು ದಾರಿ ಇರಬಹುದು. ಕೆಲಸ ಮಾಡುವ ಔಷಧದಂಗಡಿಯಲ್ಲಿ ದಿನವೂ ನೋಡುತ್ತೇನಲ್ಲ, ಒಬ್ಬೊಬ್ಬರದು ಒಂದೊಂದು ಬಗೆ.

ಒಂದು ವಿಚಿತ್ರ. ಮೆಟ್ಟಿಲ ಕೆಳಗಿನಿಂದ ಜೋರಾಗಿ "ಏನ್ರೀ" ಎಂದು ಕೂಗಿದರೆ ಬೆಚ್ಚಿಬೀಳುತ್ತಾರೆ. ಮೇಲೆ ಬಂದು ಮೆಲ್ಲಗೆ ಹೇಳು ಅಂದಿದ್ದಾರೆ.

ಮಾರ್ಚ್ 1, ಶನಿವಾರ

ಇವತ್ತು ಋಷಿಯ ದಹನವಾಯಿತು. ಮೈಸೂರಿನಿಂದ ಅವನ ಅಣ್ಣ ಬಂದಿದ್ದರು. ಹೂವಿನ ನಡುವೆ ಮುಖ ಸಣ್ಣದಾಗಿ ಕಾಣುತ್ತಿತ್ತು, ಯಾರೋ ಅವನಂತೆ ಇರುವವನು ಎಂಬ ಹಾಗೆ. ಆಸ್ಪತ್ರೆಯ ನರ್ಸುಗಳು ಹಿಂದಿನ ಸಾಲಿನಲ್ಲಿ ಕೂತು ಅತ್ತರು.

ಹೊರಗೆ ಬಂದು ಎಲ್ಲರೂ ಗುಂಪಾಗಿ ನಿಂತಿದ್ದೆವು. ಶ್ರೀಕಾಂತ್ ದೂರ, ನಮಗೆ ಬೆನ್ನು ಹಾಕಿ ಕಾರುಗಳ ಕಡೆಗೆ ಹೊರಟಿದ್ದರು. ಲಕ್ಷ್ಮೀನಾರಾಯಣ ಅಂಕಲ್ ಊಟಕ್ಕೆ ಕರೆಯಲು ಇಲ್ಲಿಂದಲೇ ಕೂಗಿದರು: "ಶ್ರೀ! ಏಯ್ ಶ್ರೀ, ನಿಲ್ಲಪ್ಪ!"

ಶ್ರೀಕಾಂತ್ ಓಡಿದರು. ತಿರುಗಿ ನೋಡಲಿಲ್ಲ, ಗೇಟಿನ ಕಡೆಗೆ ಓಡಿದರು. ಗೋಡೆಯ ಆಚೆ, ರಸ್ತೆಯ ಅಂಚಿನಲ್ಲಿ ಕುಕ್ಕರಗಾಲಿನಲ್ಲಿ ಕೂತು ಎರಡೂ ಕಿವಿ ಮುಚ್ಚಿಕೊಂಡಿದ್ದು ನೋಡಿದೆ. ನನ್ನನ್ನು ಕಂಡು ಎದ್ದು, ವಾಂತಿ ಬಂದ ಹಾಗಾಯಿತು ಅಂದರು. ಎಲ್ಲರಿಗೂ ನಾನು ಅದನ್ನೇ ಹೇಳಿದೆ. ಹೇಳುತ್ತ ಹೇಳುತ್ತ ನನಗೇ ಅದು ಸುಳ್ಳು ಅನ್ನಿಸಿತು. ಯಾಕೆ ಎಂದು ಗೊತ್ತಾಗಲಿಲ್ಲ.

ಮಾರ್ಚ್ 9, ಭಾನುವಾರ

ಬರೆಯಬಾರದು ಎಂದುಕೊಂಡಿದ್ದೆ.

ಬೆಳಿಗ್ಗೆ ಬಿಸಿಲಿತ್ತು. ಕರ್ಕ್‌ಸ್ಟಾಲಿನ ಹಳೆಯ ಮಠದ ಹತ್ತಿರ, ನದಿಯ ದಂಡೆಗೆ ನಡೆಯಲು ಹೋದೆವು. ಜನ ನಾಯಿಗಳನ್ನು ಬಿಟ್ಟುಕೊಂಡು ಚೆಂಡು ಎಸೆಯುತ್ತಿದ್ದರು. ಬೆಂಚಿನ ಮೇಲೆ ಕೂತಾಗ ಕೇಳಿಯೇಬಿಟ್ಟೆ.

"ಋಷಿ ನಿಮ್ಮನ್ನ ಕರದನೇನ್ರಿ?"

ಶ್ರೀಕಾಂತ್ ನದಿಯನ್ನೇ ನೋಡುತ್ತಿದ್ದರು. "ಹೂಂ," ಅಂದರು.

ಆಮೇಲೆ ಎಲ್ಲ ಬಂತು. ಬೇಲಿ ದಾಟೋಣ ಎಂದದ್ದು ಋಷಿಯಲ್ಲ. ಶ್ರೀಕಾಂತ್. ಋಷಿ ಬೇಡ ಅಂದನಂತೆ, ಮೋಡ ನೋಡು ಅಂದನಂತೆ. ಇವರು ಮುಂದೆ ಹೋದರು. ಒಬ್ಬನೇ ಬಿಡುವುದು ಹೇಗೆ ಎಂದು ಅವನು ಹಿಂದೆ ಬಂದ. ಕಣಿವೆಯ ಮಾತೇ ಇರಲಿಲ್ಲ. ದಿಬ್ಬದ ಮೇಲೆ ಮೋಡ ಕವಿಯಿತು. ಇಳಿಯುವಾಗ ಹಿಂದೆ ಏನೋ ಬಿದ್ದ ಸದ್ದು. ಆಮೇಲೆ ಋಷಿಯ ದನಿ.

"ಏನಂದ?"

"ಶ್ರೀ, ನಿಲ್ಲೋ, ಕಾಲು ಮುರಿದಿದೆ ಅಂದ."

"ನಿಮಗ ಕೇಳಿಸ್ತು?"

"ಕೇಳಿಸ್ತು, ಸೌಮ್ಯಾ. ಕೇಳಿಸ್ಲಿಲ್ಲಂತ ನಂಗ ನಾನs ಭಾಳ ಸಲ ಹೇಳಿಕೊಂಡೀನಿ. ಕೇಳಿಸ್ತು. ನನ್ನ ಕೈ ನಂಗ ಕಾಣಿಸ್ತಿರಲಿಲ್ಲ. ಹೊಳ್ಳಿ ಹತ್ತಿದ್ರ ಇಬ್ರೂ ಸಾಯ್ತೀವಿ ಅನಿಸ್ತು. ಇಳದೆ. ಅಂವ ಒದರಕೋತನs ಇದ್ದ."

"ಕೆಳಗ ಬಂದ ಮ್ಯಾಲೆ?"

ಒಂದು ನಾಯಿ ಬಂದು ಶ್ರೀಕಾಂತನ ಬೂಟು ಮೂಸಿ ಹೋಯಿತು.

"ಹೇಳಿದ್ರ ಬಿಟ್ಟು ಬಂದಾಂವ ಅಂತ ಆಗ್ತಿತ್ತು. ಎಂಥಾದ್ರ ಮಾಡಿ ಅಂವ ಬರ್ತಾನ ಅನಕೊಂಡೆ. ಅಂವ ಬಂದ್ರ ಹೇಳೂದs ಬೇಕಾಗ್ತಿರಲಿಲ್ಲ. ಅದಕ್ಕ ಕಾಯಕೋತ ಕುಂತೆ."

ಆಗ ನಾನು ಟೀ ತರಲು ಹೋಗಿದ್ದೆ. ಸಕ್ಕರೆ ಎರಡು ಹಾಕಿಸಿದ್ದೆ.

ಎದ್ದು ಮನೆಗೆ ನಡೆದೆವು.

ಮಾರ್ಚ್ 10, ಸೋಮವಾರ

ಕೆಲಸಕ್ಕೆ ಹೋದೆ. ಒಬ್ಬರ ಮಾತ್ರೆ ಇನ್ನೊಬ್ಬರ ಚೀಲಕ್ಕೆ ಹಾಕಿದ್ದೆ. ಜೊತೆಯವಳು ನೋಡಿ ತೆಗೆದಳು. ತಲೆನೋವು ಅಂದೆ.

ಮಾರ್ಚ್ 15, ಶನಿವಾರ

ಯಾಮಿನಿ ಫೋನ್ ಮಾಡಿದ್ದಳು. ಋಷಿಯ ಬಟ್ಟೆಯನ್ನೆಲ್ಲ ದಾನದ ಅಂಗಡಿಗೆ ಕೊಟ್ಟು ಬಂದಳಂತೆ. ಅಸ್ಥಿಯನ್ನು ಶ್ರೀರಂಗಪಟ್ಟಣಕ್ಕೆ ಒಯ್ಯುವುದಿಲ್ಲವಂತೆ. ಅವನ ಅಣ್ಣ ಕೇಳಿಕೊಂಡರೂ ಇಲ್ಲ ಅಂದಳಂತೆ.

"ಯಾಕೆ ಯಾಮಿನಿ?"

"ಅವನೇ ಆರಿಸ್ಕೊಂಡ ಜಾಗ ಅಲ್ವಾ ಆ ಬೆಟ್ಟ? ಅಲ್ಲೇ ಎಲ್ಲಾದ್ರೂ ಹಾಕ್ಲಿ ಅವರು. ನಂಗೆ ಅವನ ಫೋಟೋ ನೋಡಿದ್ರೆ ಸಿಟ್ಟು ಬರುತ್ತೆ ಸೌಮ್ಯಾ. ಮಗಳಿಗೆ ಒಂಬತ್ತು ವರ್ಷ. ಅವಳ ಮುಖ ನೆನಪಾಗ್ಲಿಲ್ವಾ ಅವನಿಗೆ? ನೀನು ಹೋಗು ಅಂದನಂತೆ. ಏನು ಗತ್ತು! ಕೃತಿ ಈಗ ಅಪ್ಪನ ಹೆಸರೇ ಎತ್ತಲ್ಲ."

ಫೋನಿಟ್ಟು ಅಡುಗೆಮನೆಗೆ ಹೋದೆ. ಶ್ರೀಕಾಂತ್ ಲ್ಯಾಪ್‌ಟಾಪ್ ಮುಂದೆ ಇದ್ದ.

"ನೀ ಹೇಳ್ತೀಯೋ, ನಾ ಹೇಳ್ಲೋ?" ಅಂದೆ.

"ಈಗ ಹೇಳಿ ಏನು ಬರ್ತದ? ಅಂವ ಹೊಳ್ಳಿ ಬರ್ತಾನೇನು? ಪೊಲೀಸರಿಗೆ ಒಂದು ಹೇಳೇನಿ. ಈಗ ಇನ್ನೊಂದು ಹೇಳಿದ್ರ ನನ್ನ ಕೆಲಸ, ನಮ್ಮ ಮನಿ, ಎಲ್ಲಾ..."

"ಅಕಿ ಋಷಿನ್ನ ಬೈಲಿಕ್ಕತ್ತಾಳ. ದಿನಾ ಬೈತಾಳ. ಸತ್ತಾಂವನ್ನ."

"ಬೈದು ಹಗುರ ಆಗ್ಲಿ. ಒಂದು ಲೆಕ್ಕಕ್ಕ ಅದು ಅಕಿಗೇ ಛಲೋ ಅಲ್ಲೇನು? ಕೂಗಿದ್ದ ಅಂತ ಗೊತ್ತಾದ್ರ ಜೀವನಪೂರ್ತಿ ಅದನ್ನs ಕೇಳಕೋತ ಇರ್ತಾಳ."

ಆ ಮಾತು ಸುಳ್ಳಲ್ಲ. ಅದಕ್ಕೇ ಹೆದರಿಕೆಯಾಯಿತು. ಇಡೀ ದಿನ ಅದನ್ನೇ ಯೋಚಿಸಿದೆ. ನಾನು ಯಾಮಿನಿಯಾಗಿದ್ದರೆ ಯಾವುದು ಬೇಕಾಗುತ್ತಿತ್ತು? ಕೂಗಿ ಕೂಗಿ ಸತ್ತ ಗಂಡನೋ, ನಮ್ಮನ್ನು ಮರೆತು ಹೋದ ಗಂಡನೋ?

ಒಂದು ವಾರ ಸಮಯ ಕೊಟ್ಟಿದ್ದೇನೆ.

ಮಾರ್ಚ್ 22, ಶನಿವಾರ

ಶ್ರೀಕಾಂತ್ ಬೆಳಿಗ್ಗೆ ಬೂಟು ಹಾಕಿಕೊಂಡ. ಬಾಗಿಲ ತನಕ ಬಂದ. ಮತ್ತೆ ಬೂಟು ಬಿಚ್ಚಿದ. "ನಂಗ ಆಗೂದಿಲ್ಲ," ಅಂದ. ನಾನು ಕಾರಿನ ಕೀ ತೆಗೆದುಕೊಂಡು ಹೊರಟೆ.

ಮೋಟರ್‌ವೇಯಲ್ಲಿ ನಾನೊಬ್ಬಳೇ ಕಾರು ಓಡಿಸಿದ್ದು ಇದೇ ಮೊದಲು. ಅದು ನೆನಪಾದದ್ದು ಮನೆಗೆ ವಾಪಸ್ ಬಂದ ಮೇಲೆ.

ಯಾಮಿನಿ ಬಟ್ಟೆ ಮಡಚುತ್ತಿದ್ದಳು. ಎಲ್ಲ ಹೇಳಿದೆ. ಶ್ರೀಕಾಂತ್ ಹೇಳಿದ ಹಾಗೆ, ಬೇಲಿಯಿಂದ ಹಿಡಿದು ಟೀಯ ತನಕ. ಅವಳು ಮಗಳ ಶಾಲೆಯ ಅಂಗಿಯನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದಳು.

"ಏನಂತ ಕರೆದ?"

"ಶ್ರೀ, ನಿಲ್ಲೋ, ಕಾಲು ಮುರಿದಿದೆ ಅಂತ."

"ಕಾಲು ಮುರಿದಿದೆ ಅಂದ." ಅವಳು ಆ ಮಾತನ್ನು ನಿಧಾನವಾಗಿ, ಅವನ ದನಿಯಲ್ಲೇ ಹೇಳಿ ನೋಡಿದಳು. "ಅಂದ್ರೆ ಬರಬೇಕು ಅಂತಿದ್ದ."

"ಹೂಂ."

"ಬೇಲಿ ದಾಟೋದು ಬೇಡ ಅಂದಿದ್ದ."

"ಬೇಡ ಅಂದಿದ್ದ. ಅವರೊಬ್ಬರೇ ಹೋಗ್ತಾರೆ ಅಂತ ಜೊತೆಗೆ ಹೋದ."

ಆಗ ಅತ್ತಳು. ಇಷ್ಟು ದಿನ ಅಳದವಳು ಬಾಯಿಗೆ ಆ ಅಂಗಿ ತುರುಕಿಕೊಂಡು ಅತ್ತಳು. ನಾನು ಹತ್ತಿರ ಹೋದೆ. ಕೈ ಮುಂದೆ ಮಾಡಿ ತಡೆದಳು. ಸ್ವಲ್ಪ ಹೊತ್ತಿಗೆ ಮುಖ ತೊಳೆದುಕೊಂಡು ಬಂದು ಮೆಟ್ಟಿಲ ಬುಡದಲ್ಲಿ ನಿಂತು ಮಗಳನ್ನು ಕರೆದಳು. ಕೃತಿ ಇಳಿದು ಬಂತು.

"ಕಂದಾ, ಅಮ್ಮ ನಿಂಗೆ ತಪ್ಪು ಹೇಳಿದ್ದೆ. ಅಪ್ಪ ನಮ್ಮನ್ನ ಬಿಟ್ಟು ಹೋಗಿದ್ದಲ್ಲ. ಕಾಲು ಮುರ್ಕೊಂಡು ಬಿದ್ದಿದ್ದ. ಬರೋಕೆ ನೋಡ್ತಿದ್ದ."

ಮಗು ನನ್ನನ್ನೊಮ್ಮೆ, ಅಮ್ಮನನ್ನೊಮ್ಮೆ ನೋಡಿತು. "ಸೋ ಹಿ ವಾಸ್ ಕಮಿಂಗ್ ಹೋಮ್?"

"ಹೌದು. ಮನೆಗೆ ಬರ್ತಿದ್ದ."

ಕೃತಿ ಮೆಟ್ಟಿಲ ಮೇಲೇ ಕೂತುಕೊಂಡಿತು. ಯಾಮಿನಿ ಅವಳ ಪಕ್ಕ ಜಾಗ ಮಾಡಿಕೊಂಡು ಕೂತಳು. ನಾನು ಕೋಟು ಹಾಕಿಕೊಂಡೆ. ಬಾಗಿಲ ತನಕ ಯಾಮಿನಿ ಬಂದಳು.

"ನೀನು ಹೇಳಿದ್ದು ಒಳ್ಳೇದಾಯ್ತು. ಬೇರೆ ಯಾರೂ ಹೇಳ್ತಿರ್ಲಿಲ್ಲ," ಅಂದಳು. "ಆದ್ರೆ ಇನ್ಮೇಲೆ ಬರಬೇಡ ಸೌಮ್ಯಾ. ನಿನ್ನ ನೋಡಿದ್ರೆ ನಂಗೆ ಅವನು ಕೂತ್ಕೊಂಡು ಟೀ ಕುಡೀತಿದ್ದದ್ದು ಕಾಣುತ್ತೆ. ನಿನ್ನದೇನೂ ತಪ್ಪಿಲ್ಲ. ಆದ್ರೂ ಕಾಣುತ್ತೆ."

"ಆಯ್ತು," ಅಂದೆ.

ಮನೆಗೆ ಬಂದು ಶ್ರೀಕಾಂತನಿಗೆ ಹೇಳಿದೆ. ಯಾಮಿನಿ ಪೊಲೀಸರಿಗೆ ತಿಳಿಸುವ ಮೊದಲು ನೀನೇ ತಿಳಿಸು ಅಂದೆ. ಅವನು ಗೋಡೆಗೆ ಒರಗಿಕೊಂಡು, "ಅಕಿ ಏನಂದ್ಲು ನನಗ?" ಎಂದು ಕೇಳಿದ. ನಿನ್ನ ಬಗ್ಗೆ ಏನೂ ಅನ್ನಲಿಲ್ಲ ಅಂದೆ. ಅದು ನಿಜ.

ಮಾರ್ಚ್ 30, ಭಾನುವಾರ

ಯುಗಾದಿ. ಬೇವು ಇಲ್ಲಿ ಎಲ್ಲಿ ಸಿಗುತ್ತದೆ. ಪ್ರತಿ ವರ್ಷ ಲಕ್ಷ್ಮೀನಾರಾಯಣ ಅಂಕಲ್ ಎಲ್ಲಿಂದಲೋ ತರಿಸಿ ಹಂಚುತ್ತಿದ್ದರು. ಈ ಸಲ ನಮಗೆ ಬಂದಿಲ್ಲ. ಎಲ್ಲರಿಗೂ ತಿಳಿದಿದೆ ಅಂತಾಯಿತು. ಹೋಳಿಗೆ ಮಾಡಲಿಲ್ಲ.

ಯಾಮಿನಿ ಬೇಸಿಗೆ ರಜೆಗೆ ಅಸ್ಥಿ ತೆಗೆದುಕೊಂಡು ಶ್ರೀರಂಗಪಟ್ಟಣಕ್ಕೆ ಹೋಗುತ್ತಾಳಂತೆ, ಕೃತಿಯನ್ನೂ ಕರೆದುಕೊಂಡು. ಅಂಗಡಿಗೆ ಬಂದಿದ್ದ ಕನ್ನಡದ ಹೆಂಗಸೊಬ್ಬರು ಔಷಧ ತೆಗೆದುಕೊಳ್ಳುತ್ತ ಹೇಳಿದರು. ನನ್ನ ಮುಖ ನೋಡದೆ ಹೇಳಿದರು.

ಈಗ ನಾನೊಬ್ಬಳೇ ಮಲಗುವ ಹಿಂದಿನ ಕೋಣೆಯಲ್ಲಿ ಚೆನ್ನಾಗಿ ನಿದ್ದೆ ಬರುತ್ತಿದೆ. ಕಿಟಕಿ ದೊಡ್ಡದು.

ಏಪ್ರಿಲ್ 2, ಬುಧವಾರ

ಸ್ಕಾಟ್‌ಲೆಂಡಿನ ಪೊಲೀಸರಿಗೆ ಶ್ರೀಕಾಂತ್ ತಾನೇ ಫೋನ್ ಮಾಡಿದ್ದ. ಹೊಸದಾಗಿ ಹೇಳಿಕೆ ಕೊಡಲು ಇಲ್ಲಿನ ಠಾಣೆಗೆ ಬರಲು ಹೇಳಿದ್ದರು. ಬೆಳಿಗ್ಗೆ ನಾನೇ ಕಾರಿನಲ್ಲಿ ಕರೆದುಕೊಂಡು ಹೋದೆ.

ಠಾಣೆಯ ಎದುರು ನಿಲ್ಲಿಸಿದ ಮೇಲೂ ಅವನು ಇಳಿಯಲಿಲ್ಲ. ಬೆಲ್ಟು ಬಿಚ್ಚಿ ಮಡಿಲಲ್ಲಿ ಹಿಡಿದುಕೊಂಡು ಕೂತಿದ್ದ.

"ಒಂದು ಕೇಳ್ಲೇನು? ಖರೇ ಹೇಳಬೇಕು."

"ಕೇಳು."

"ಅಲ್ಲಿ ಮ್ಯಾಲೆ ನನ್ನ ಜಾಗಾದಾಗ ನೀ ಇದ್ದಿದ್ರ?"

ಅವನ ಮುಖ ನೋಡಿದೆ. ಗಡ್ಡದಲ್ಲಿ ಇಷ್ಟು ಬಿಳಿ ಕೂದಲು ಯಾವಾಗ ಬಂದವೋ. ಸುಳ್ಳು ಹೇಳುವುದು ಸುಲಭವಿತ್ತು, ಎರಡು ಬಗೆಯ ಸುಳ್ಳೂ ಇದ್ದವು.

"ನಾನೂ ಇಳದು ಬಂದುಬಿಡ್ತಿದ್ನೇನೋ," ಅಂದೆ. "ಹೆದರಿಕಿ ನಂಗೂ ಆಗ್ತಿತ್ತು. ಆದ್ರ ಕೆಳಗ ಬಂದ ಕೂಡ್ಲೇ ಹೇಳ್ತಿದ್ದೆ."

ಅವನು ತಲೆಯಾಡಿಸಿದ. ಯಾರೋ ಇಬ್ಬರು ನಗುತ್ತ ಕಾರಿನ ಮುಂದೆ ದಾಟಿ ಹೋದರು.

"ಅದs," ಅಂದ. "ಪೊಲೀಸರಿಗೂ ನಾ ಅದನ್ನs ಹೇಳಬೇಕು. ಮ್ಯಾಲಿಂದು ಅಲ್ಲ. ಕೆಳಗ ಬಂದು ಸುಮ್ಮನ ಕುಂತದ್ದು."

ಬಾಗಿಲು ತೆರೆದು ಒಂದು ಕಾಲು ಹೊರಗಿಟ್ಟು ಮತ್ತೆ ತಿರುಗಿದ. "ನಾ ಬರೂತನಕ ಇರ್ತೀಯೇನು?"

"ಇಲ್ಲ. ಅಂಗಡಿ ತೆಗೀಬೇಕು."

ಅವನು ಒಳಗೆ ಹೋಗುವುದನ್ನು ನೋಡಿದೆ. ಆಮೇಲೆ ಕಾರು ತಿರುಗಿಸಿಕೊಂಡು ಕೆಲಸಕ್ಕೆ ಹೋದೆ.